ರವಿವರ್ಮರ ಸಾಧನೆಯೂ ಛಾಯಾಚಿತ್ರದ ನೆರವೂ

ನಮ್ಮ ಕ್ರೋಂಪೇಟೆಯ ಹೆಸರಿನಲ್ಲೇ ಬಣ್ಣ ಅಡಗಿದೆಯೆಂಬುದು ಇಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗರಲ್ಲಿಯೂ ಅನೇಕರಿಗೆ ತಿಳಿದಿರಲಾರದು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಪಲ್ಲಾವರದ ಬಳಿ ತಲೆಯೆತ್ತಿದ ಕ್ರೋಮ್ ಲೆದರ್ ಕಂಪೆನಿಯಿಂದ ಈ ಪೇಟೆಗೆ ಈ ಹೆಸರು ಬಂತು. ತೊಗಲನ್ನು ಹದಮಾಡುವುದಕ್ಕೆ ಒದಗುವ ಕ್ರೋಮಿಯಂ ಲೋಹಕ್ಕಾದರೋ ಬಣ್ಣವೆಂಬ ಅರ್ಥವುಳ್ಳ ಗ್ರೀಕ್ ಮಾತಿನಿಂದ ಹೆಸರಾಯಿತು. ಅದರ ಲವಣಗಳು ಬಗೆಬಗೆಯ ಬಣ್ಣಗಳನ್ನು ತಳೆಯುವುದೇ ಅದಕ್ಕೆ ಕಾರಣ. ನಮ್ಮ ಅಜ್ಜ ಅಜ್ಜಿಯರ ದೇವರ ಮನೆಗಳಲ್ಲಿ ಕುಂಕುಮ ಹಚ್ಚಿಸಿಕೊಂಡು ನಿಂತಿದ್ದ ಲಕ್ಷ್ಮೀ ಸರಸ್ವತಿಯರ ಪಟಗಳನ್ನು ಅಚ್ಚುಹಾಕುತ್ತಿದ್ದ ವಿಧಾನಕ್ಕೂ ಅದೇ ಮಾತಿನಿಂದ ಕ್ರೋಮೋಲಿಥೋಗ್ರಾಫ್ ಎಂದು ಹೆಸರು. ಆ ಪಟಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದವರು ರಾಜಾ ರವಿವರ್ಮರು. ಅವರ ಜೀವನವನ್ನು ಈ ರಾಜ್ಯೋತ್ಸವ ಸಂಚಿಕೆಯಲ್ಲಿ ಸ್ಮರಿಸಿಕೊಳ್ಳುವುದಕ್ಕೆ ನಮಗೆ ಎರಡು ಕಾರಣಗಳಿವೆ.

ಮೊದಲನೆಯದು, ಕೇರಳದಲ್ಲಿ ಹುಟ್ಟಿದ ಈ ಕಲಾವಿದರ ಬಾಳಿನ ಮುಖ್ಯ ಘಟ್ಟಗಳು ಕನ್ನಡ ನೆಲದಲ್ಲಿಯೂ ನಾವೀಗ ಬಾಳುತ್ತಿರುವ ಈ ಮದರಾಸಿನಲ್ಲಿಯೂ ನಡೆದುವು. ಎರಡನೆಯದು ನಮ್ಮ ಮಕ್ಕಳಿಗೆ ಸಂಬಂಧಿಸಿದುದು. ಇಂದು ಯಾವ ಮನೆಯ ಮಗು ಚಿತ್ರ ಬರೆಯಲು ಕುಳಿತರೂ ಅದರ ಎಡಗೈಯಲ್ಲಿ ಒಂದು ಫೋನು, ಫೋನಿನಲ್ಲಿ ಒಂದು ಫೋಟೋ. ಫೋಟೋ ನೋಡಿ ಮನುಷ್ಯರನ್ನು ಬರೆಯುವುದು ಕಲೆಯೋ ಕಳ್ಳತನವೋ ಎಂದು ತಂದೆತಾಯಿಗಳು ಕೇಳುವುದುಂಟು. ರವಿವರ್ಮರ ಮೇಲೆಯೂ ಇದೇ ಆಕ್ಷೇಪಣೆ ಬಂದಿತ್ತು, ಇಂದಿಗೂ ಬರುತ್ತಿದೆ. ಅವರ ಬಾಳನ್ನು ಮೊದಲಿನಿಂದ ನೋಡಿದರೆ ಈ ಪ್ರಶ್ನೆಗೆ ಒಂದು ಉತ್ತರ ದೊರೆಯುತ್ತದೆಂದು ನಾವು ನಂಬಿದ್ದೇವೆ.

ರವಿವರ್ಮರು 1848ನೆಯ ಇಸವಿ ಏಪ್ರಿಲ್ 29ರಂದು ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಜನಿಸಿದರು. ಫ್ರಾನ್ಸಿನಲ್ಲಿ ಡಾಗೆರ್ ಎಂಬಾತನ ಛಾಯಾಚಿತ್ರ ವಿಧಾನ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಎಂದರೆ ರವಿವರ್ಮರಿಗಿಂತ ಛಾಯಾಚಿತ್ರವು ಕೇವಲ ಒಂಬತ್ತು ವರ್ಷ ಹಿರಿಯದು. ಇಬ್ಬರೂ ಒಟ್ಟಿಗೇ ಬೆಳೆದರೆಂದರೂ ಸಲ್ಲುತ್ತದೆ. ಆದರೆ ಕಿಳಿಮಾನೂರಿನ ಬಾಲಕನಿಗೆ ಮೊದಲು ದೊರೆತದ್ದು ಕ್ಯಾಮರಾ ಅಲ್ಲ, ಇದ್ದಿಲು. ಮನೆಯ ಗೋಡೆಗಳ ಮೇಲೆಲ್ಲ ಪ್ರಾಣಿಗಳನ್ನೂ ಮನುಷ್ಯರನ್ನೂ ಇದ್ದಿಲಿನಿಂದ ಬರೆದು ಬೈಗುಳ ತಿನ್ನುತ್ತಿದ್ದನೆಂದು ಅವರ ಚರಿತ್ರೆಕಾರರು ಹೇಳುತ್ತಾರೆ. ಬೈಯದೆ ನಿಂತು ನೋಡಿದವರು ಸೋದರಮಾವ ರಾಜರಾಜವರ್ಮರು. ಅವರು ತಂಜಾವೂರು ಸಂಪ್ರದಾಯದಲ್ಲಿ ಚಿತ್ರ ಬರೆಯಬಲ್ಲವರಾಗಿದ್ದರು. ಹುಡುಗನ ಕೈಯಲ್ಲಿ ಸತ್ತ್ವವಿದೆಯೆಂದು ಅರಿತು, ತಾವೇ ಮೊದಲ ಪಾಠ ಹೇಳಿ, 1862ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಅವನನ್ನು ತಿರುವನಂತಪುರದ ಅರಮನೆಗೆ ಕರೆದೊಯ್ದರು. ಆಯಿಲ್ಯಂ ತಿರುನಾಳ್ ಮಹಾರಾಜರು ಆಗ ಆಳುತ್ತಿದ್ದರು. ಬಾಲಕನಿಗೆ ಅವರ ಆಶ್ರಯ ದೊರೆಯಿತು.

ಆಶ್ರಯ ದೊರೆಯಿತೇ ಹೊರತು ಗುರು ದೊರೆಯಲಿಲ್ಲ. ಇದನ್ನು ನಮ್ಮ ತರುಣರು ಗಮನಿಸಬೇಕು. ಅರಮನೆಯಲ್ಲಿ ರಾಮಸ್ವಾಮಿ ನಾಯಕರ್ ಎಂಬ ಚಿತ್ರಕಾರರಿದ್ದರು. ಐರೋಪ್ಯ ರೀತಿಯ ತೈಲವರ್ಣದ ಕೆಲಸವನ್ನು ಅವರು ಬಲ್ಲವರು. ಎಳೆಯನಲ್ಲಿ ಮುಂದಿನ ಪ್ರತಿಸ್ಪರ್ಧಿಯನ್ನು ಕಂಡರೋ ಏನೋ, ಅವರು ವಿದ್ಯೆಯನ್ನು ಬಿಟ್ಟುಕೊಡಲಿಲ್ಲ. ಅವರ ಶಿಷ್ಯನಾದ ಆರ್ಮುಗಂ ಪಿಳ್ಳೆ ಎಂಬಾತ ಗುರುವಿಗೆ ತಿಳಿಯದಂತೆ ಬಂದು ತನಗೆ ತಿಳಿದಷ್ಟನ್ನು ಹೇಳಿಕೊಟ್ಟನೆಂದು ಪ್ರತೀತಿ. 1868ರಲ್ಲಿ ಥಿಯೊಡೋರ್ ಜೆನ್‌ಸನ್ ಎಂಬ ಐರೋಪ್ಯ ಭಾವಚಿತ್ರಕಾರರು ಅರಮನೆಗೆ ಬಂದರು. ಅವರೂ ಕಲಿಸಲು ಒಪ್ಪಲಿಲ್ಲ. ಮಹಾರಾಜರ ಮಾತಿಗೆ ಕಟ್ಟುಬಿದ್ದು, ತಾವು ಬರೆಯುವಾಗ ತರುಣನು ಹತ್ತಿರ ನಿಂತು ನೋಡಬಹುದೆಂದು ಮಾತ್ರ ಅನುಮತಿಯಿತ್ತರು. ಆಗ ರವಿವರ್ಮರಿಗೆ ಇಪ್ಪತ್ತು ವರ್ಷ. ಹಗಲಿನಲ್ಲಿ ನಿಂತು ನೋಡುವುದು, ತಮ್ಮ ಕೋಣೆಗೆ ಬಂದು ನೋಡಿದ್ದನ್ನು ನೆನಪಿನಿಂದ ಪರೀಕ್ಷಿಸುವುದು, ತಪ್ಪಿದರೆ ಒರೆಸುವುದು, ಮತ್ತೆ ಬಳಿಯುವುದು: ಇಷ್ಟೇ ಅವರ ವಿದ್ಯಾಪೀಠ. ತೈಲವರ್ಣದಲ್ಲಿ ಒಂದು ಪದರ ಒಣಗುವ ಮೊದಲು ಇನ್ನೊಂದನ್ನು ಎಲ್ಲಿ ಕೂಡಿಸಬೇಕು, ಎಲ್ಲಿ ಒಣಗುವವರೆಗೆ ಕಾಯಬೇಕು ಎಂಬುದು ಬಾಯಿಂದ ಹೇಳಿ ಬರುವಂಥದಲ್ಲ. ಅದನ್ನು ಅವರು ಕಣ್ಣಿನಿಂದ ಕಲಿತರು.

ಗಮನವಿಟ್ಟು ನೋಡುವುದು, ನೋಡಿದ್ದನ್ನು ಹಿಡಿದಿಟ್ಟುಕೊಳ್ಳುವುದು, ಪ್ರತಿದಿನವೂ ತಪ್ಪದೆ ಕೈಯನ್ನು ಪಳಗಿಸುವುದು, ಇವೇ ರವಿವರ್ಮರ ಬಂಡವಾಳ. 1862ರಿಂದ ಲೆಕ್ಕ ಹಾಕಿದರೆ ಹೆಸರು ಮಾಡುವ ಮೊದಲು ಹನ್ನೊಂದು ವರ್ಷ ಅವರು ಈ ಬಂಡವಾಳವನ್ನು ಕೂಡಿಸಿದರು.

ಈ ಸಾಧನೆಯ ನಡುವೆ ಅವರು ಕನ್ನಡ ನಾಡಿಗೆ ಬಂದರು. 1870ರ ಸುಮಾರಿನಲ್ಲಿ ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಗೆ ಯಾತ್ರೆ ಹೊರಟು, ಅಲ್ಲಿ ಒಂದು ಮಂಡಲ ಕಾಲ ವ್ರತದಲ್ಲಿದ್ದರೆಂದು ಹೇಳುತ್ತಾರೆ. ಸೌಪರ್ಣಿಕೆಯ ದಡದ ಆ ಕ್ಷೇತ್ರ ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು, ಎಂದರೆ ನಾವು ಇಂದು ಆಚರಿಸುವ ಈ ಹಬ್ಬದ ಮೊದಲ ದಿನದಂದು, ಅದು ಕನ್ನಡ ರಾಜ್ಯದಲ್ಲಿ ಒಂದಾಯಿತು. ಕೇರಳದ ಭಕ್ತರಿಗೆ ಕೊಲ್ಲೂರಿನ ತಾಯಿ ವಿದ್ಯೆಯ ಅಧಿದೇವತೆ. ಅಲ್ಲಿಂದ ಹಿಂದಿರುಗುವ ದಾರಿಯಲ್ಲಿ ಕಲ್ಲಿಕೋಟೆಯ ನ್ಯಾಯಾಧಿಕಾರಿ ಕಿಳಕ್ಕೆ ಪಾಲಾಟ್ಟ್ ಕೃಷ್ಣ ಮೇನೋನರ ಕುಟುಂಬವನ್ನು ಬರೆದುಕೊಡುವ ಕೆಲಸ ಅವರಿಗೆ ದೊರೆಯಿತು. ಹಣ ಪಡೆದು ಮಾಡಿದ ಮೊದಲ ಭಾವಚಿತ್ರದ ಕೆಲಸ ಅದೇ ಎಂದು ಪ್ರಸಿದ್ಧಿ. ಕಲಿತ ವಿದ್ಯೆ ಅನ್ನ ಕೊಡುವ ವೃತ್ತಿಯಾದದ್ದು ಹೀಗೆ ಕೊಲ್ಲೂರಿನಿಂದ ಮರಳುವ ದಾರಿಯಲ್ಲಿ.

ಆ ಕಾಲಕ್ಕೆ ಇಡೀ ಪ್ರಾಂತದ ಕಲಾವಿದರು ಮನ್ನಣೆಗಾಗಿ ಎದುರುನೋಡುತ್ತಿದ್ದ ಪಟ್ಟಣ ಮದರಾಸು. ಚಿತ್ರವೂ ಛಾಯಾಚಿತ್ರವೂ ಇಲ್ಲಿ ಒಂದೇ ಮನೆಯ ಮಕ್ಕಳಂತಿದ್ದುವು. 1850ರಲ್ಲಿ ಇಲ್ಲಿ ಕಲಾಶಾಲೆಯನ್ನು ಆರಂಭಿಸಿದ ಅಲೆಗ್ಸಾಂಡರ್ ಹಂಟರ್ ಎಂಬ ವೈದ್ಯರೇ 1856ರಲ್ಲಿ ಮದರಾಸು ಛಾಯಾಚಿತ್ರ ಸಂಘದ ಸ್ಥಾಪನೆಯಲ್ಲಿಯೂ ಮುಂದಾಳಾಗಿದ್ದರು. ರೇಖೆಯನ್ನು ಕಲಿಯುವ ವಿದ್ಯಾರ್ಥಿಗಳು ಅವರ ಶಾಲೆಯಲ್ಲಿ ಕ್ಯಾಮರಾವನ್ನೂ ಕಲಿತರು. ಒಂದು ಇನ್ನೊಂದಕ್ಕೆ ಶತ್ರುವೆಂಬ ಭಾವನೆ ಆಗಿನ್ನೂ ಬೇರೂರಿರಲಿಲ್ಲ.

ಅಂಥ ಮದರಾಸಿನಲ್ಲಿ 1873ರಲ್ಲಿ ನಡೆದ ಕಲಾಪ್ರದರ್ಶನಕ್ಕೆ ರವಿವರ್ಮರು ಮುಡಿಗೆ ಮಲ್ಲಿಗೆ ಮುಡಿಯುವ ನಾಯರ್ ಮಹಿಳೆಯ ಚಿತ್ರವನ್ನು ಕಳುಹಿಸಿದರು. ಗವರ್ನರರ ಚಿನ್ನದ ಪದಕ ಅದಕ್ಕೆ ದೊರೆಯಿತು. ಅದೇ ವರ್ಷ ವಿಯೆನ್ನಾ ನಗರದ ಪ್ರದರ್ಶನದಲ್ಲಿಯೂ ಅವರಿಗೆ ಪುರಸ್ಕಾರ ಸಂದಿತು. ಮರುವರ್ಷ ವಾದ್ಯ ನುಡಿಸುವ ತಮಿಳು ಮಹಿಳೆಯ ಚಿತ್ರಕ್ಕೆ ಮತ್ತೆ ಮದರಾಸಿನ ಮನ್ನಣೆ. 1876ರಲ್ಲಿ ಹುಲ್ಲಿನ ಮೇಲೆ ಒರಗಿ ದುಷ್ಯಂತನಿಗೆ ಓಲೆ ಬರೆಯುವ ಶಕುಂತಲೆ ಇಲ್ಲಿಯೇ ಪ್ರದರ್ಶಿತಳಾದಳು. ಗವರ್ನರ್ ಬಕಿಂಗ್‌ಹ್ಯಾಂ ಪ್ರಭುಗಳು ಅದನ್ನು ಕೊಂಡರು. ಎರಡು ವರ್ಷಗಳ ಮೇಲೆ, 1878ರಲ್ಲಿ, ಆ ಪ್ರಭುಗಳ ಭಾವಚಿತ್ರವನ್ನೇ ಬರೆಯುವ ಕೆಲಸ ರವಿವರ್ಮರದಾಯಿತು. ಗುರುವಿಲ್ಲದೆ ಕಲಿತ ಮೂವತ್ತರ ತರುಣ ಪ್ರಾಂತದ ಅಧಿಪತಿಯನ್ನು ಎದುರಿಗೆ ಕೂರಿಸಿಕೊಂಡು ಬರೆದನೆಂದರೆ ಸಾಮಾನ್ಯವಲ್ಲ.

ಎದುರಿಗೆ ಕೂರಿಸಿಕೊಂಡು ಬರೆಯುವುದು ಎಂದೆವಲ್ಲ, ಅದರಲ್ಲಿಯೇ ತೊಡಕಿದೆ. ರಾಜರೂ ಅಧಿಕಾರಿಗಳೂ ಗಂಟೆಗಟ್ಟಲೆ ಅಲುಗಾಡದೆ ಕೂಡಲಾರರು. ಅಂತಃಪುರದ ಸ್ತ್ರೀಯರು ಪರಪುರುಷನ ಮುಂದೆ ಬಹಳ ಹೊತ್ತು ಕೂಡುವುದು ಆ ಕಾಲದ ಮರ್ಯಾದೆಗೆ ಒಪ್ಪುತ್ತಿರಲಿಲ್ಲ. ಕುಲಸ್ತ್ರೀಯರು ಚಿತ್ರಕ್ಕೆ ಮಾದರಿಯಾಗಲು ಒಪ್ಪದ ಕಾರಣ ಮಾದರಿಗಳಿಗಾಗಿ ಅವರು ಪಡಿಪಾಟಲು ಪಡಬೇಕಾಗುತ್ತಿತ್ತು. ಇನ್ನು ಕೆಲವರು ಬಂದು ತೀರಿಹೋದ ತಂದೆಯ ಚಿತ್ರ ಬೇಕೆನ್ನುವರು. ಆ ತಂದೆಯನ್ನು ಎಲ್ಲಿಂದ ಕರೆತಂದು ಕೂರಿಸುವುದು? ಇಂಥ ಸಮಯಗಳಲ್ಲಿ ರವಿವರ್ಮರು ಛಾಯಾಚಿತ್ರದ ನೆರವು ಪಡೆದರು. ಇದನ್ನು ಮುಚ್ಚಿಡಬೇಕಾದ್ದಿಲ್ಲ. ಅವರ ತಮ್ಮ ಸಿ. ರಾಜರಾಜವರ್ಮರು ಸ್ವತಃ ನುರಿತ ಚಿತ್ರಕಾರರು, ಅಣ್ಣನ ಬಲಗೈಯಂತಿದ್ದವರು. 1895ರಿಂದ 1904ರವರೆಗೆ ಅವರು ಇಂಗ್ಲಿಷಿನಲ್ಲಿ ದಿನಚರಿ ಬರೆದಿಟ್ಟಿದ್ದಾರೆ. ಸೋದರರ ಪ್ರಯಾಣ, ಪರಿಶ್ರಮ, ನೋಡಿದ ನಾಟಕ, ಬಂದ ಗಿರಾಕಿಗಳು ಎಲ್ಲವೂ ಅದರಲ್ಲಿವೆ. ಅವರದು ಬಿಡುವಿನ ವೇಳೆಯ ವಿಲಾಸವಲ್ಲ, ದುಡಿಮೆ.

ಹಾಗಾದರೆ ಫೋಟೋ ಇದ್ದಮೇಲೆ ಚಿತ್ರ ಸುಲಭವಾಯಿತೇ? ಆ ಕಾಲದ ಫೋಟೋ ಎಂತಹದೆಂಬುದನ್ನು ತಿಳಿದರೆ ಹಾಗೆನ್ನಲು ಯಾರಿಗೂ ಬಾಯಿ ಬಾರದು. ಮೊದಲನೆಯದಾಗಿ ಅದರಲ್ಲಿ ಬಣ್ಣವೇ ಇಲ್ಲ. ಎರಡನೆಯದಾಗಿ, ಅಂದಿನ ಗಾಜಿನ ತಟ್ಟೆಗೆ ಲೇಪಿಸುತ್ತಿದ್ದ ರಾಸಾಯನಿಕವು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿತ್ತು, ಕೆಂಪಿಗೆ ಬಹುಮಟ್ಟಿಗೆ ಕುರುಡು. ಆದಕಾರಣ ಹಣೆಯ ಕೆಂಪು ಕುಂಕುಮ ಕಪ್ಪು ಬೊಟ್ಟಾಗಿ ಮೂಡುವುದು, ನೀಲಿ ಸೀರೆ ಬಿಳಿಚಿಕೊಳ್ಳುವುದು, ನಮ್ಮ ಜನರ ಗೋಧಿ ಬಣ್ಣದ ಮೈ ಇರುವುದಕ್ಕಿಂತ ಕಪ್ಪಾಗಿ ಕಾಣುವುದು. ಮೂರನೆಯದಾಗಿ, ಬಿಂಬ ಮೂಡಲು ಕೆಲವು ಸೆಕೆಂಡುಗಳು ಹಿಡಿಯುತ್ತಿದ್ದುದರಿಂದ ಕೂತವರು ಉಸಿರು ಬಿಗಿಹಿಡಿಯಬೇಕು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆನಿಕೆ ಕೊಡುವುದೂ ಇತ್ತು. ಅಂಥ ಫೋಟೋದಲ್ಲಿ ಮುಖ ದೊರೆತರೂ ಮುಖಭಾವ ದೊರೆಯುವುದಿಲ್ಲ. ರೇಷ್ಮೆಯ ಕೆಂಪು, ಚಿನ್ನದ ಹೊಳಪು, ಗಲ್ಲದ ಕೆಳಗಿನ ನೆರಳಿನಲ್ಲಿ ಅಡಗಿರುವ ಬೆಚ್ಚನೆಯ ಬಣ್ಣ, ಇವೆಲ್ಲವನ್ನೂ ಚಿತ್ರಕಾರನು ಬೇರೆಲ್ಲಿಯೋ ಜೀವಂತ ಜನರಲ್ಲಿ ನೋಡಿ ಕಲಿತಿರಬೇಕು. ಕಲಿಯದವನಿಗೆ ಫೋಟೋ ಒಂದು ಕಂದುಬಣ್ಣದ ಕಾಗದ. ರವಿವರ್ಮರಿಗಾದರೋ ಅದು ನೆನಪಿಗೆ ಒಂದು ಗುರುತು. ಮಿಕ್ಕದ್ದು ಅವರ ಕಣ್ಣಿನ ಉಗ್ರಾಣದಲ್ಲಿತ್ತು.

ಅವರ ಭಾವಚಿತ್ರಗಳೆಲ್ಲವೂ ಒಂದೇ ಮಟ್ಟದವೆಂದು ನಾವು ಹೇಳುವುದಿಲ್ಲ. ಕೆಲಸದ ಒತ್ತಡದಲ್ಲಿ ಬರೆದ ಕೆಲವು ಚಿತ್ರಗಳಲ್ಲಿ ಒಡವೆ ವಸ್ತ್ರಗಳು ಉಜ್ಜ್ವಲವಾಗಿದ್ದು ಮುಖ ಮಂಕಾಗಿರುವುದನ್ನು ಯಾರೂ ಕಾಣಬಹುದು. ಆದರೆ ಮನಸ್ಸಿಗೆ ಹತ್ತಿರದವರನ್ನು ಬರೆದಾಗ ಅವರ ಕುಂಚಕ್ಕೆ ಬೇರೆಯೇ ಕಳೆ ಬರುತ್ತಿತ್ತು. 1893ರ ಒಂದು ಚಿತ್ರದಲ್ಲಿ ಅವರ ಮಗಳು ಮಹಾಪ್ರಭೆ ಕಂಕುಳಲ್ಲಿ ಕೂಸನ್ನೆತ್ತಿಕೊಂಡು, ತಂದೆ ಬರುವ ದಿಕ್ಕಿಗೆ ಕೈ ತೋರುತ್ತ ನಿಂತಿದ್ದಾಳೆ. ಮಗುವಿನ ಭಾರಕ್ಕೆ ತಾಯಿಯ ಸೊಂಟ ಒಂದು ಕಡೆಗೆ ಬಾಗಿದೆ. ಎಳೆಗೂಸನ್ನು ಎತ್ತಿಕೊಂಡವರಿಗೆಲ್ಲ ಆ ಬಾಗು ಗೊತ್ತು. ಮನೆಯೊಳಗೆ ದಿನದಿನವೂ ನೋಡಿದ ಕಣ್ಣಿಗೇ ಅದು ಬರೆಯಲು ಸಿಕ್ಕುವುದು.

ಭಾವಚಿತ್ರಕ್ಕೆ ಎದುರಿಗೊಬ್ಬ ಮನುಷ್ಯನೋ ಅವನ ಫೋಟೋವೋ ಇರುತ್ತದೆ. ನಳದಮಯಂತಿಯರಿಗೆ ಏನಿದೆ? ಈ ಪ್ರಶ್ನೆ ಅವರಿಗೆ ಬಡೋದೆಯಲ್ಲಿ ಎದುರಾಯಿತು. ತಿರುವಾಂಕೂರಿನ ದಿವಾನರಾಗಿದ್ದು ಮುಂದೆ ಬಡೋದೆಯ ಆಡಳಿತ ವಹಿಸಿದ ಸರ್ ಟಿ. ಮಾಧವರಾಯರು ರವಿವರ್ಮರನ್ನು ಮೊದಲಿನಿಂದ ಬಲ್ಲವರು; ಅವರ ಮೂಲಕ 1881ರಲ್ಲಿ ಆ ಸಂಸ್ಥಾನದ ಬಾಗಿಲು ತೆರೆಯಿತು. ಮುಂದೆ 1888ರಲ್ಲಿ ಮಹಾರಾಜ ಸಯಾಜಿರಾಯರು ಪುರಾಣದ ಹದಿನಾಲ್ಕು ಚಿತ್ರಗಳನ್ನು ಬರೆದುಕೊಡಬೇಕೆಂದು ಕೇಳಿದರು. ಕುಂಚವನ್ನು ಕೈಗೆತ್ತಿಕೊಳ್ಳುವ ಮೊದಲು ರವಿವರ್ಮರು ತಮ್ಮನೊಡನೆ ಉತ್ತರ ಭಾರತದ ಸಂಚಾರ ಹೊರಟರು. ಪುರಾಣಕಾಲದ ಉಡುಗೆ ಹೇಗಿತ್ತು, ಯಾವ ಸೀಮೆಯ ಹೆಂಗಸರು ಸೆರಗನ್ನು ಹೇಗೆ ಹೊದೆಯುತ್ತಾರೆ, ಗಂಡಸರು ಪೇಟವನ್ನು ಹೇಗೆ ಸುತ್ತುತ್ತಾರೆ ಎಂದು ಕಣ್ಣಾರೆ ನೋಡುವುದಕ್ಕಾಗಿಯೇ ಆ ಸಂಚಾರ. ದೇಶಕ್ಕೆಲ್ಲ ಒಪ್ಪುವ ಒಂದೇ ಪ್ರಾಚೀನ ಉಡುಗೆ ಅವರಿಗೆ ಎಲ್ಲಿಯೂ ಸಿಕ್ಕಲಿಲ್ಲ. ಕೊನೆಗೆ ಸೀರೆಯನ್ನೇ ಆರಿಸಿಕೊಂಡರು. ನಮ್ಮ ಕಣ್ಣಿನಲ್ಲಿ ಸೀತೆ, ದ್ರೌಪದಿ, ದಮಯಂತಿಯರು ಸೀರೆಯುಟ್ಟು ನಿಂತಿರುವುದಕ್ಕೆ ಈ ನಿರ್ಣಯ ಬಹುಮಟ್ಟಿಗೆ ಕಾರಣ. 1890ರ ಹೊತ್ತಿಗೆ ಹದಿನಾಲ್ಕು ಚಿತ್ರಗಳೂ ಮುಗಿದುವು. ಬಡೋದೆಗೂ ಮುಂಬಯಿಗೂ ಬಂದ ಆ ಚಿತ್ರಗಳನ್ನು ನೋಡಲು ಜನ ತಂಡತಂಡವಾಗಿ ಸೇರಿದರು. ಕಾಣದ ಮನುಷ್ಯನನ್ನು ಬರೆಯುವುದಕ್ಕೂ ಕಂಡ ಮನುಷ್ಯರೇ ಆಧಾರವೆಂಬುದು ಆ ಸಂಚಾರದ ಪಾಠ.

ಈಗ ಮೈಸೂರಿಗೆ ಬರೋಣ. 1885ರಲ್ಲಿಯೇ ಚಾಮರಾಜೇಂದ್ರ ಒಡೆಯರು ರವಿವರ್ಮರನ್ನು ಕರೆಸಿಕೊಂಡು ರಾಜಕುಟುಂಬದ ಭಾವಚಿತ್ರಗಳನ್ನು ಬರೆಸಿದ್ದರು. ನಮ್ಮಲ್ಲಿ ಅನೇಕರು ಬೇಸಗೆ ರಜೆಯಲ್ಲಿ ಮಕ್ಕಳೊಡನೆ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿರಬಹುದು. ಅಲ್ಲಿ 1889ರಲ್ಲಿ ಬರೆದ ಗಾಯಕಿಯರ ಗೋಷ್ಠಿಯ ಚಿತ್ರವಿದೆ. ಹನ್ನೊಂದು ಮಂದಿ ಹೆಂಗಸರು ಗುಂಪುಗೂಡಿದ್ದಾರೆ. ಒಬ್ಬೊಬ್ಬಳದು ಒಂದೊಂದು ಸೀಮೆಯ ಉಡುಗೆ, ಒಂದೊಂದು ಬಗೆಯ ಮುಖಲಕ್ಷಣ. ಗದ್ದಲದ ಬೇಸಗೆಯಲ್ಲಿ ಅರೆನಿಮಿಷ ನೋಡಿ ಮುಂದೆ ಹೋಗುವ ಬದಲು, ಅದರ ಮುಂದೆ ಒಂದು ಗಳಿಗೆ ನಿಲ್ಲಿರಿ. ಒಬ್ಬೊಬ್ಬಳ ಕೊರಳು ಹೇಗೆ ತಿರುಗಿದೆ, ಯಾರ ಕಣ್ಣು ಎಲ್ಲಿ ನೆಟ್ಟಿದೆ ಎಂದು ಎಣಿಸಿರಿ. ಹೊರನಾಡಿನಲ್ಲಿ ನಾನಾ ಭಾಷೆಗಳವರ ನಡುವೆ ಬಾಳುವ ನಮಗೆ ಆ ಚಿತ್ರ ಬೇಗ ಅರ್ಥವಾಗುತ್ತದೆ. ನಮ್ಮ ಬೀದಿಯ ನೀರಿನ ನಲ್ಲಿಯ ಬಳಿಯೂ ಅಂಥದೇ ಒಂದು ಗುಂಪು ಸೇರುತ್ತಿತ್ತು.

ಚಿತ್ರಗಳು ಅರಮನೆಗಳಲ್ಲಿಯೇ ಉಳಿದರೆ ಬಡವರಿಗೇನು ಫಲ? ಈ ಯೋಚನೆಯನ್ನು ಮಾಧವರಾಯರೇ ಮೊದಲು ಸೂಚಿಸಿದ್ದರು. ಚಿತ್ರಗಳನ್ನು ವಿದೇಶಕ್ಕೆ ಕಳುಹಿಸಿ ಅಚ್ಚುಹಾಕಿಸಬೇಕೆಂಬುದು ಅವರ ಸಲಹೆ. ರವಿವರ್ಮರು ಒಂದು ಹೆಜ್ಜೆ ಮುಂದೆ ಹೋಗಿ 1894ರಲ್ಲಿ ಮುಂಬಯಿಯಲ್ಲಿ ತಾವೇ ಶಿಲಾಮುದ್ರಣಾಲಯವನ್ನು ತೆರೆದರು. ಜರ್ಮನಿಯ ಯಂತ್ರಗಳೂ ಕುಶಲಿಗಳೂ ಬಂದರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಎಲ್ಲ ಕಲ್ಲುಗಳ ಅಚ್ಚೂ ಕೂದಲೆಳೆಯಷ್ಟು ಕದಲದೆ ಒಂದರ ಮೇಲೊಂದು ಕೂಡಬೇಕು. ಹೀಗೆ ಹೊರಟ ಲಕ್ಷ್ಮೀ ಸರಸ್ವತಿಯರು, ಗುಡಿಯ ಒಳಕ್ಕೆ ಹೋಗಲು ಅನುಮತಿಯಿಲ್ಲದಿದ್ದ ಜನರ ಗುಡಿಸಲಿಗೂ ದೇವರಾಗಿ ಬಂದರು. ವ್ಯಾಪಾರ ಮಾತ್ರ ಕೈಹಿಡಿಯಲಿಲ್ಲ. ಸಾಲ ಬೆಳೆಯಿತು, ಪ್ಲೇಗಿನ ಕಾಲದ ತೊಂದರೆಗಳೂ ಕೂಡಿದುವು. ಮುದ್ರಣಾಲಯ ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಹೊಸ ಶತಮಾನದ ಆರಂಭದಲ್ಲಿ ಜರ್ಮನ್ ಕುಶಲಿ ಫ್ರಿಟ್ಜ್ ಷ್ಲೈಷರನ ಕೈಸೇರಿತು. ರವಿವರ್ಮರು ಮತ್ತೆ ಕುಂಚವನ್ನು ನಂಬಿ ಊರೂರು ಅಲೆದರು. 1901ರಲ್ಲಿ ಉದಯಪುರಕ್ಕೆ ಹೋದಾಗ, ಮೂರು ಶತಮಾನ ಹಿಂದೆ ತೀರಿಕೊಂಡ ಮಹಾರಾಣಾ ಪ್ರತಾಪರನ್ನು ಬರೆದರು. ಫೋಟೋವೇ ಇಲ್ಲದ ಕಾಲದ ಪುರುಷ. ಹಿಂದಿನವರು ಬರೆದಿಟ್ಟ ಚಿತ್ರಗಳೇ ಆಧಾರ.

1904ರಲ್ಲಿ ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಚಿನ್ನದ ಪದಕವನ್ನಿತ್ತಿತು. 1897ರಲ್ಲಿ ಸುಟ್ಟುಹೋಗಿದ್ದ ಮೈಸೂರಿನ ಹಳೆಯ ಅರಮನೆಯ ಜಾಗದಲ್ಲಿ ಹೊಸದು ಮೇಲೇಳುತ್ತಿದ್ದ ಕಾಲ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಪುರಾಣ ವಸ್ತುಗಳ ಒಂದು ಚಿತ್ರಮಾಲೆಯನ್ನು ಬರೆದುಕೊಡುವಂತೆ ರವಿವರ್ಮರನ್ನು ಕೇಳಿದರು. ಆ ಕೆಲಸ ಕೈಯಲ್ಲಿದ್ದಾಗಲೇ, 1905ರ ಮೊದಲಲ್ಲಿ, ತಮ್ಮ ರಾಜರಾಜವರ್ಮರು ತೀರಿಕೊಂಡರು. ಹಿನ್ನೆಲೆಯ ಬೆಟ್ಟ ಗಿಡ ಆಕಾಶಗಳನ್ನು ಬರೆಯುತ್ತಿದ್ದ ಕೈ, ಲೆಕ್ಕಪತ್ರ ನೋಡುತ್ತಿದ್ದ ಕೈ, ಜೊತೆಗೆ ಊಟ ಮಾಡುತ್ತಿದ್ದ ಕೈ ಒಟ್ಟಿಗೆ ಹೋಯಿತು. ಅಣ್ಣನಿಗೆ ಆಗಲೇ ಮಧುಮೇಹ. ಆದರೂ ಅವರು ಮೈಸೂರಿನ ಕೆಲಸವನ್ನು ಬಿಡಲಿಲ್ಲ. ದುಃಖ ಬಂದಾಗ ಕುಂಚ ಕೆಳಗಿಡುವುದು ಅವರ ಅಭ್ಯಾಸದಲ್ಲಿರಲಿಲ್ಲ. ಅವರ ಕೊನೆಯ ದೊಡ್ಡ ಕೆಲಸ ಕನ್ನಡ ನಾಡಿಗಾಗಿ ಮಾಡಿದ ಕೆಲಸ. 1906ನೆಯ ಇಸವಿ ಅಕ್ಟೋಬರ್ 2ರಂದು, ಐವತ್ತೆಂಟರ ವಯಸ್ಸಿನಲ್ಲಿ, ಕಿಳಿಮಾನೂರಿನಲ್ಲಿ ಅವರು ದೇಹವನ್ನು ಬಿಟ್ಟರು.

ಅವರು ಕಣ್ಮುಚ್ಚಿದ ಮರುವರ್ಷದಿಂದಲೇ ಅವರ ಮೇಲೆ ಕಟುವಾದ ವಿಮರ್ಶೆಗಳು ಬಂದುವು. ಆನಂದ ಕುಮಾರಸ್ವಾಮಿಯವರಂಥ ವಿದ್ವಾಂಸರು ಅವರ ದೇವತೆಗಳಲ್ಲಿ ದೇವತ್ವವಿಲ್ಲ, ನಾಟಕದ ವೇಷವಿದೆಯೆಂಬ ಅಭಿಪ್ರಾಯಪಟ್ಟರು. ಕಣ್ಣಿಗೆ ಕಂಡಂತೆ ಬರೆಯುವುದೇ ಭಾರತೀಯ ಕಲೆಯ ದಾರಿಯಲ್ಲವೆಂದು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯಮಂಡಲಿ ಬೇರೊಂದು ಹಾದಿ ಹಿಡಿಯಿತು. ಆ ಮಂಡಲಿಯಲ್ಲಿ ನಮ್ಮ ಮೈಸೂರಿನವರೊಬ್ಬರಿದ್ದರು: ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು. ರವಿವರ್ಮರಿಂದ ಪುರಾಣಚಿತ್ರಗಳನ್ನು ಬರೆಸಿದ ನಾಲ್ವಡಿಯವರೇ 1909ರಲ್ಲಿ ಇವರನ್ನು ಕಲ್ಕತ್ತೆಗೆ ಕಳುಹಿಸಿದರು. 1914ರಲ್ಲಿ ಅವನೀಂದ್ರನಾಥರು ಭಾರತೀಯ ಚಿತ್ರಗಳ ಅಂಗಲಕ್ಷಣವನ್ನು ಕುರಿತು ಒಂದು ಚಿಕ್ಕ ಪುಸ್ತಕ ಬರೆದಾಗ, ಅದರ ರೇಖಾಚಿತ್ರಗಳಿಗೆ ನಂದಲಾಲ ಬೋಸರೂ ವೆಂಕಟಪ್ಪನವರೂ ಕೈಗೂಡಿಸಿದರು. ಅಲ್ಲಿ ಎದುರಿಗೆ ಕೂತ ಮಾದರಿಯೂ ಇಲ್ಲ, ಫೋಟೋವೂ ಇಲ್ಲ. ಶರೀರವನ್ನು ಅಳೆಯುವುದಕ್ಕೆ ತಾಳಮಾನ; ಆಕಾರಕ್ಕೆ ಪ್ರಕೃತಿಯಿಂದ ತಂದ ಹೋಲಿಕೆ. ಮುಖಕ್ಕೆ ಮೊಟ್ಟೆ, ಹುಬ್ಬಿಗೆ ಬೇವಿನೆಲೆ ಅಥವಾ ಬಿಲ್ಲು, ಕಣ್ಣಿಗೆ ಮೀನು, ಕೊರಳಿಗೆ ಶಂಖ, ಎದೆಯಿಂದ ನಡುವಿನವರೆಗೆ ಗೋಮುಖ.

ಮೇಲುನೋಟಕ್ಕೆ ಇವೆರಡೂ ಎದುರುಬದುರಿನ ದಾರಿಗಳು. ಒಂದಕ್ಕೆ ಆಧಾರ ಕಣ್ಣೆದುರಿನ ಮನುಷ್ಯ, ಇನ್ನೊಂದಕ್ಕೆ ಶಾಸ್ತ್ರದ ಪ್ರಮಾಣ. ಆದರೆ ಒಳಹೊಕ್ಕು ನೋಡಿದರೆ ಎರಡಕ್ಕೂ ಅಡಿಪಾಯ ಒಂದೇ. ಹುಬ್ಬು ಬೇವಿನೆಲೆಯಂತಿದೆಯೆಂದು ಹೇಳಬೇಕಾದರೆ ಹಿಂದೆ ಯಾರೋ ಹುಬ್ಬನ್ನೂ ಬೇವಿನೆಲೆಯನ್ನೂ ಚೆನ್ನಾಗಿ ನೋಡಿದ್ದಿರಬೇಕು. 1965ರಲ್ಲಿ ತೀರಿಕೊಂಡ ವೆಂಕಟಪ್ಪನವರು ಮದುವೆಯಾಗದೆ, ವೀಣೆಯನ್ನೂ ಕುಂಚವನ್ನೂ ಹಿಡಿದು, ಕಠಿಣ ನೇಮದಲ್ಲಿ ಬಾಳಿದವರು. ಆಧಾರವು ಫೋಟೋ ಆಗಲಿ, ಮಾದರಿಯಾಗಲಿ, ತಾಳಮಾನವಾಗಲಿ, ಅದು ದಾರಿಯ ಊರುಗೋಲು. ನಡೆಯಬೇಕಾದದ್ದು ಕಾಲು. ಊರುಗೋಲು ಹಿಡಿದವನನ್ನು ಹೀಯಾಳಿಸುವುದೂ ತಪ್ಪು, ಊರುಗೋಲೇ ನಡೆಯುತ್ತದೆಂದು ನಂಬುವುದೂ ತಪ್ಪು.

ಈ ಮಾತನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡೋಣ. ಇಂದಿನ ಫೋನಿನ ಫೋಟೋದಲ್ಲಿ ಬಣ್ಣವೂ ಇದೆ, ವಿವರವೂ ಇದೆ; ಆದರೂ ಅದಕ್ಕೆ ತನ್ನವೇ ಆದ ಸುಳ್ಳುಗಳಿವೆ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ಎದುರಿನಿಂದ ಮಿಂಚುಬೆಳಕು ಬಿಟ್ಟರೆ ನೆರಳು ಅಳಿಸಿ ಮುಖ ಚಪ್ಪಟೆಯಾಗುತ್ತದೆ. ನಮಗಿರುವುದು ಎರಡು ಕಣ್ಣು, ಅದಕ್ಕೆ ಒಂದೇ. ಇದನ್ನರಿಯದ ಮಗು ಆ ಸುಳ್ಳುಗಳನ್ನೂ ಶ್ರದ್ಧೆಯಿಂದ ನಕಲು ಮಾಡುತ್ತದೆ. ಚಿತ್ರ ಅಚ್ಚುಕಟ್ಟಾಗಿ ಬಂದರೂ ಅದರಲ್ಲಿ ಜೀವವಿಲ್ಲವೇಕೆಂದು ಅದಕ್ಕೆ ತಿಳಿಯುವುದಿಲ್ಲ. ಜೀವಂತ ಮುಖಗಳನ್ನು ನೋಡಿ ಪಳಗಿದ ಮಗುವಾದರೋ ಫೋಟೋ ಎಲ್ಲಿ ತಪ್ಪು ಹೇಳುತ್ತಿದೆಯೆಂದು ಕಂಡುಹಿಡಿದು ತಿದ್ದಿಕೊಳ್ಳುತ್ತದೆ. ಆದ್ದರಿಂದ ಫೋಟೋವನ್ನು ಕಸಿದುಕೊಳ್ಳಬೇಡಿರಿ. ಅದಕ್ಕಿಂತ ಮುಂಚೆ ಒಂದು ನೇಮವನ್ನು ಹಾಕಿಕೊಡಿರಿ. ದಿನಕ್ಕೆ ಹತ್ತು ನಿಮಿಷ, ಮನೆಯಲ್ಲಿ ಯಾರಾದರೊಬ್ಬರನ್ನು ನೋಡಿ ಬರೆಯುವುದು. ಪೆನ್ಸಿಲನ್ನು ಕೈಚಾಚಿ ಹಿಡಿದು ತಲೆಯ ಅಳತೆ ತೆಗೆಯಲಿ. ಕಣ್ಣುಗಳು ತಲೆಯ ಮೇಲಿನ ಭಾಗದಲ್ಲಿಲ್ಲ, ನಟ್ಟನಡುವೆ ಇವೆಯೆಂದು ತಾನೇ ಕಂಡುಕೊಳ್ಳಲಿ. ನಿಂತ ಮನುಷ್ಯನ ಎತ್ತರ ಅವನ ತಲೆಯ ಏಳು ಏಳೂವರೆ ಪಟ್ಟು ಎಂದು ಎಣಿಸಲಿ. ಒಂದು ವರ್ಷ ಹೀಗೆ ನಡೆದ ಮೇಲೆ ಫೋಟೋ ಕೈಗೆ ಬಂದರೆ ಅದು ಆಳಾಗಿ ದುಡಿಯುತ್ತದೆ, ಒಡೆಯನಾಗಿ ಆಳುವುದಿಲ್ಲ.

ರವಿವರ್ಮರ ಚಿತ್ರಗಳನ್ನು ನೋಡಲು ಮೈಸೂರಿಗೇ ಹೋಗಬೇಕಾಗಿಲ್ಲ. ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಅವರ ಕೃತಿಗಳಿವೆ. ಕ್ರೋಂಪೇಟೆಯ ನಿಲ್ದಾಣದಲ್ಲಿ ಬೀಚಿನ ಕಡೆಯ ಗಾಡಿ ಹತ್ತಿದರೆ ನಡುವೆ ಇಳಿಯದೆ ಎಗ್ಮೋರು ಸೇರಬಹುದು. ಅದಕ್ಕಿಂತಲೂ ಹತ್ತಿರದ ಒಂದು ಸಲಹೆಯನ್ನು ನಮ್ಮ ಸಂಘದ ಬಂಧುಗಳ ಮುಂದಿಡುತ್ತೇವೆ. ನಮ್ಮ ಕುಟುಂಬಗಳಲ್ಲಿ ಹಾಸನ, ಧಾರವಾಡ, ಉಡುಪಿ, ಕೋಲಾರಗಳಿಂದ ಬಂದು ಇಲ್ಲಿ ಮುಪ್ಪಾದ ಹಿರಿಯರಿದ್ದಾರೆ. ಅವರ ಫೋಟೋಗಳು ನಮ್ಮ ಫೋನುಗಳಲ್ಲಿ ನೂರಾರಿವೆ. ಆದರೆ ಅವರ ಮುಖವನ್ನು ಸಾವಧಾನವಾಗಿ ಒಂದು ಗಂಟೆ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಬರುವ ವರ್ಷದ ಮಕ್ಕಳ ಚಿತ್ರಸ್ಪರ್ಧೆಯಲ್ಲಿ ಪ್ರತಿಯೊಂದು ಮಗುವೂ ತನ್ನ ಅಜ್ಜನನ್ನೋ ಅಜ್ಜಿಯನ್ನೋ ಎದುರಿಗೆ ಕೂರಿಸಿಕೊಂಡು ಬರೆಯಲಿ. ಊರಿನಲ್ಲಿರುವ ಅಜ್ಜಿಯಾದರೆ, ತೀರಿಹೋದ ಅಜ್ಜನಾದರೆ, ಫೋಟೋ ಇಟ್ಟುಕೊಂಡೇ ಬರೆಯಲಿ. ಆದರೆ ಅವರ ಹಣೆಯ ಗೆರೆ ಹೇಗೆ ಬಂತು, ನಕ್ಕಾಗ ಯಾವ ಕಡೆಯ ಕೆನ್ನೆ ಮೊದಲು ಏಳುತ್ತಿತ್ತು ಎಂದು ಮನೆಯವರನ್ನು ಕೇಳಿ ತಿಳಿದು ಬರೆಯಲಿ. ಕೂತ ಅಜ್ಜಿ ಸುಮ್ಮನಿರುವವಳಲ್ಲ. ತನ್ನ ಊರಿನ ಕತೆಯನ್ನು ಕನ್ನಡದಲ್ಲಿ ಹೇಳುತ್ತಲೇ ಇರುತ್ತಾಳೆ. ಬರೆಯುವ ಮಗು ಕೇಳುತ್ತಲೇ ಇರುತ್ತದೆ. ಚಿತ್ರ ಚೆನ್ನಾಗಿ ಬಂದರೆ ಸಂತೋಷ. ಬಾರದಿದ್ದರೂ ಆ ಒಂದು ಗಂಟೆ ವ್ಯರ್ಥವಾಗಲಾರದು.